ಒಂದು ಮನೆ, ಎರಡು ಕಂಪ್ಯೂಟರ್: ಕಡತಗಳನ್ನು ಸರಿಸಮವಾಗಿ ಇಡುವುದು ಹೇಗೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೋ ಹೊಸ ಪೀಳಿಗೆಯ ಪ್ರೊಸೆಸರೋ ಇಲ್ಲದ ಕಾರಣಕ್ಕೆ, ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಅನೇಕ ಯಂತ್ರಗಳು ಮುಂದಿನ ಆವೃತ್ತಿಗೆ ಏರಲಾಗದೆ ಉಳಿದವು. ಮನೆಗೆ ಹೊಸ ಲ್ಯಾಪ್‌ಟಾಪ್ ಬಂದ ಮೇಲೂ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಅದಕ್ಕೆ ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಅಳವಡಿಸಿ ಮಕ್ಕಳ ಓದಿಗೋ ಹಿರಿಯರ ಬರವಣಿಗೆಗೋ ಇಟ್ಟುಕೊಂಡವರು ಹಲವರಿದ್ದಾರೆ.

ಅಲ್ಲಿಂದ ಒಂದು ಹೊಸ ತೊಡಕು ಶುರುವಾಗುತ್ತದೆ. ತಿಂಗಳ ಖರ್ಚಿನ ಲೆಕ್ಕವನ್ನು ನಿನ್ನೆ ಡೆಸ್ಕ್‌ಟಾಪಿನಲ್ಲಿ ಬರೆದಿರುತ್ತೇವೆ. ಇಂದು ಲ್ಯಾಪ್‌ಟಾಪಿನಲ್ಲಿ ತೆರೆದರೆ ಹೋದ ವಾರದ ಲೆಕ್ಕ ಕಾಣುತ್ತದೆ. ಪೆನ್‌ಡ್ರೈವಿನಲ್ಲಿ ಅತ್ತಿಂದಿತ್ತ ಸಾಗಿಸುತ್ತ ಹೋದಂತೆ ‘ಲೆಕ್ಕ’, ‘ಲೆಕ್ಕ ಹೊಸದು’, ‘ಲೆಕ್ಕ ಕೊನೆಯದು’, ‘ಲೆಕ್ಕ ಕೊನೆಯದು 2’ ಎಂಬ ಕಡತಗಳು ಹುಟ್ಟಿಕೊಂಡು, ಕೊನೆಗೆ ಯಾವುದು ನಿಜವಾದ ಲೆಕ್ಕವೆಂದು ಬರೆದವರಿಗೇ ತಿಳಿಯದಂತಾಗುತ್ತದೆ. ಈ ಕೆಲಸವನ್ನು ಯಂತ್ರಗಳಿಗೇ ವಹಿಸುವ ವಿಧಾನಕ್ಕೆ ‘ಸಿಂಕ್’ ಎನ್ನುತ್ತಾರೆ. ಅದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಒಳಗೆ ಏನು ನಡೆಯುತ್ತದೆ ಎಂಬುದನ್ನು ಅರಿಯದೆ ಒಪ್ಪಿಸಿದರೆ, ವರ್ಷಗಳ ಫೋಟೋಗಳು ಎರಡೂ ಕಡೆಯಿಂದ ಒಮ್ಮೆಗೇ ಅಳಿಸಿಹೋಗುವುದೂ ಉಂಟು.

ನಕಲು ಬೇರೆ, ಸಿಂಕ್ ಬೇರೆ

ಸಿಂಕ್ ಎಂಬುದು ‘ಸಿಂಕ್ರೊನೈಸ್’ ಪದದ ಮೊಟಕು ರೂಪ. ಗ್ರೀಕ್ ಮೂಲದ ಆ ಪದದಲ್ಲಿ ‘ಜೊತೆಗೆ’ ಮತ್ತು ‘ಕಾಲ’ ಎಂಬ ಎರಡು ಅರ್ಥಗಳು ಕೂಡಿವೆ. ಕಡತಗಳ ವಿಷಯದಲ್ಲಿ ಇದರ ಅರ್ಥವಿಷ್ಟೆ: ಎರಡು ಕಂಪ್ಯೂಟರ್‌ಗಳಲ್ಲಿರುವ ಒಂದೊಂದು ಫೋಲ್ಡರನ್ನು ಜೋಡಿ ಮಾಡಿ, ಒಂದರಲ್ಲಿ ಆದ ಬದಲಾವಣೆಯನ್ನು ಇನ್ನೊಂದರಲ್ಲೂ ಆಗುವಂತೆ ನೋಡಿಕೊಳ್ಳುವುದು.

ನಕಲು ಮಾಡುವಾಗ ದಿಕ್ಕು ಒಂದೇ. ಮೂಲ ಯಾವುದು, ಪ್ರತಿ ಯಾವುದು ಎಂದು ನಾವೇ ನಿರ್ಧರಿಸಿರುತ್ತೇವೆ. ಸಿಂಕ್‌ನಲ್ಲಿ ಎರಡೂ ಮೂಲವೇ. ಅಪ್ಪ ಡೆಸ್ಕ್‌ಟಾಪಿನಲ್ಲಿ ಒಂದು ಪತ್ರ ತಿದ್ದುವ ಹೊತ್ತಿಗೆ ಮಗಳು ಲ್ಯಾಪ್‌ಟಾಪಿನಲ್ಲಿ ಹತ್ತು ಫೋಟೋ ಸೇರಿಸಿ ಎರಡನ್ನು ತೆಗೆದಿರಬಹುದು. ಈ ಎಲ್ಲವೂ ಎರಡೂ ಕಡೆ ಸರಿಯಾಗಿ ತಲುಪಬೇಕು. 1995ರಲ್ಲಿ ಬಂದ ವಿಂಡೋಸ್ 95ರಲ್ಲಿಯೇ ‘ಬ್ರೀಫ್‌ಕೇಸ್’ ಎಂಬ ಸೌಲಭ್ಯ ಈ ಅಗತ್ಯಕ್ಕಾಗಿಯೇ ಇತ್ತು ಎಂಬುದನ್ನು ನೋಡಿದರೆ, ಈ ತೊಡಕು ಇಂದಿನದಲ್ಲವೆಂದು ತಿಳಿಯುತ್ತದೆ.

ಸೇರಿಸಿದ್ದೋ, ಅಳಿಸಿದ್ದೋ?

ಇಡೀ ವಿಷಯದ ತಿರುಳು ಒಂದು ಪ್ರಶ್ನೆಯಲ್ಲಿದೆ. ಅದನ್ನು ಮದುವೆ ಮನೆಯ ಉದಾಹರಣೆಯಿಂದ ನೋಡೋಣ. ಅಣ್ಣ ತಮ್ಮ ಇಬ್ಬರೂ ಆಮಂತ್ರಿತರ ಪಟ್ಟಿಯ ಒಂದೊಂದು ಪ್ರತಿ ಇಟ್ಟುಕೊಂಡಿದ್ದಾರೆ. ವಾರದ ನಂತರ ಕೂತು ಹೋಲಿಸಿದಾಗ, ಅಣ್ಣನ ಪಟ್ಟಿಯಲ್ಲಿರುವ ಒಂದು ಹೆಸರು ತಮ್ಮನ ಪಟ್ಟಿಯಲ್ಲಿ ಇಲ್ಲ. ಅಣ್ಣ ಆ ಹೆಸರನ್ನು ಹೊಸದಾಗಿ ಸೇರಿಸಿದನೇ, ಅಥವಾ ಮೊದಲೇ ಇದ್ದ ಹೆಸರನ್ನು ತಮ್ಮ ತೆಗೆದುಹಾಕಿದನೇ? ಮೊದಲನೆಯದಾದರೆ ತಮ್ಮನ ಪಟ್ಟಿಗೂ ಸೇರಬೇಕು, ಎರಡನೆಯದಾದರೆ ಅಣ್ಣನ ಪಟ್ಟಿಯಿಂದಲೂ ಹೋಗಬೇಕು. ಎರಡೇ ಪಟ್ಟಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗದು. ಕಾಗದದಲ್ಲಾದರೆ ಗೀಟು ಹಾಕಿದ ಗುರುತಾದರೂ ಉಳಿಯುತ್ತದೆ. ಕಂಪ್ಯೂಟರಿನ ಫೋಲ್ಡರಿನಲ್ಲಿ ಅಳಿಸಿದ ಕಡತದ ಜಾಗದಲ್ಲಿ ಏನೂ ಉಳಿಯುವುದಿಲ್ಲ.

ಉತ್ತರ ಸಿಗಬೇಕಾದರೆ ಮೂರನೆಯ ಪಟ್ಟಿಯೊಂದು ಬೇಕು: ಕಳೆದ ಸಲ ಇಬ್ಬರೂ ಕೂತು ಒಪ್ಪಿಕೊಂಡಾಗ ಹೇಗಿತ್ತೋ ಹಾಗೆ ತೆಗೆದಿಟ್ಟ ಪ್ರತಿ. ಅದರಲ್ಲಿ ಹೆಸರು ಇದ್ದರೆ ತಮ್ಮ ತೆಗೆದಿದ್ದಾನೆ, ಇಲ್ಲದಿದ್ದರೆ ಅಣ್ಣ ಸೇರಿಸಿದ್ದಾನೆ. ಎರಡು ಕಡೆಯ ಬದಲಾವಣೆಗಳನ್ನು ಸರಿಯಾಗಿ ಬೆಸೆಯುವ ತಂತ್ರಾಂಶಗಳೆಲ್ಲ ಇಂತಹ ನೆನಪನ್ನು ಒಂದಲ್ಲ ಒಂದು ರೂಪದಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ‘ಯೂನಿಸನ್’ ತಂತ್ರಾಂಶವು ಪ್ರತಿ ಸಲ ಸಿಂಕ್ ಮುಗಿದಾಗ ಎರಡೂ ಕಡೆಯ ಸ್ಥಿತಿಯನ್ನು ಒಂದು ದಾಖಲೆಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಆ ದಾಖಲೆಯೊಂದಿಗೆ ಹೋಲಿಸುತ್ತದೆ. ‘ಸಿಂಕ್‌ಥಿಂಗ್’ ಎಂಬ ಇನ್ನೊಂದು ತಂತ್ರಾಂಶ ತನ್ನದೇ ದತ್ತಸಂಚಯದಲ್ಲಿ, ಅಳಿಸಿದ ಕಡತಗಳಿಗೂ ‘ಇದು ಇತ್ತು, ಈಗ ಇಲ್ಲ’ ಎಂಬ ನಮೂದನ್ನು ಇಡುತ್ತದೆ.

ಈ ನೆನಪು ಅಳಿದರೆ ಏನಾಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಡೆಸ್ಕ್‌ಟಾಪಿಗೆ ಹೊಸದಾಗಿ ವ್ಯವಸ್ಥೆ ಅಳವಡಿಸಿ, ಹಳೆಯ ಹಾರ್ಡ್‌ಡಿಸ್ಕಿನ ಫೋಲ್ಡರನ್ನು ಮತ್ತೆ ಸಿಂಕ್‌ಗೆ ಜೋಡಿಸಿದಾಗ, ತಿಂಗಳ ಹಿಂದೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದ ನೂರಾರು ಕಡತಗಳು ಎದ್ದು ಬಂದಂತೆ ಎರಡೂ ಕಡೆ ಕಾಣಿಸಿಕೊಳ್ಳಬಹುದು. ಇದು ತಂತ್ರಾಂಶದ ದೋಷವಲ್ಲ. ಹಿಂದಿನ ಒಪ್ಪಂದದ ಪ್ರತಿ ಇಲ್ಲದ ಕಡೆ, ‘ಇದು ಹೊಸದಾಗಿ ಸೇರಿದ್ದು’ ಎಂದು ಭಾವಿಸುವುದೇ ಸುರಕ್ಷಿತ ಊಹೆ. ಅಳಿಸುವುದಕ್ಕಿಂತ ಉಳಿಸಿಕೊಳ್ಳುವ ಕಡೆಗೆ ತಪ್ಪುವುದು ಮೇಲು.

ಗಡಿಯಾರವನ್ನು ಎಷ್ಟು ನಂಬಬಹುದು?

‘ಎರಡರಲ್ಲಿ ಯಾವುದರ ದಿನಾಂಕ ಹೊಸದೋ ಅದನ್ನು ಉಳಿಸಿಕೊಂಡರಾಯಿತಲ್ಲ’ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಅಳಿಸಿದ ಕಡತಕ್ಕೆ ದಿನಾಂಕವೇ ಇರುವುದಿಲ್ಲ ಎಂಬುದು ಮೊದಲ ಅಡ್ಡಿ. ದಿನಾಂಕವನ್ನು ಬರೆಯುವ ಗಡಿಯಾರವೇ ತಪ್ಪಿರಬಹುದು ಎಂಬುದು ಎರಡನೆಯದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ, ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಸುವ ನಾಣ್ಯದಾಕಾರದ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಯಂತ್ರವನ್ನು ಹಚ್ಚಿದಾಗಲೆಲ್ಲ ವರ್ಷಗಳ ಹಿಂದಿನ ದಿನಾಂಕ ಕಾಣಬಹುದು. ಅಂದು ಬರೆದ ಲೆಕ್ಕ ಅತ್ಯಂತ ಹಳೆಯದೆಂದು ಪರಿಗಣಿತವಾಗಿ, ಲ್ಯಾಪ್‌ಟಾಪಿನ ಹಳೆಯ ಪ್ರತಿ ಅದರ ಮೇಲೆ ಕೂರುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ಅನುಭವ ಆಗಿರುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಆ ಒಳಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಹಾಗಾಗಿ ಭಾರತದಲ್ಲಿ, ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ, ಇಂಟರ್‌ನೆಟ್ಟಿನಿಂದ ಸಮಯ ಸರಿಹೋಗುವವರೆಗೆ, ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ಇದರ ಮೇಲೆ, ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್32 ಎಂಬ ವಿನ್ಯಾಸವು ಕಡತ ಬದಲಾದ ಸಮಯವನ್ನು ಎರಡು ಸೆಕೆಂಡುಗಳ ಲೆಕ್ಕದಲ್ಲಷ್ಟೇ ಬರೆಯುತ್ತದೆ. ಒಂದಕ್ಷರವೂ ಬದಲಾಗದ ಕಡತ ‘ಒಂದು ಸೆಕೆಂಡು ಹೊಸದು’ ಎಂದು ಕಾಣುವುದು ಇದರಿಂದಲೇ.

ಗಡಿಯಾರವನ್ನು ನೆಚ್ಚದ ದಾರಿಯೊಂದನ್ನು 1983ರಲ್ಲಿ ಪಾರ್ಕರ್ ಮತ್ತು ಸಂಗಡಿಗರು ಒಂದು ಸಂಶೋಧನಾ ಪ್ರಬಂಧದಲ್ಲಿ ವಿವರಿಸಿದರು. ಪ್ರತಿ ಕಡತಕ್ಕೂ ಯಂತ್ರಕ್ಕೊಂದರಂತೆ ಎಣಿಕೆ ಇಡುವುದು ಆ ದಾರಿ. ಡೆಸ್ಕ್‌ಟಾಪಿನಲ್ಲಿ ತಿದ್ದಿದಾಗ ಡೆಸ್ಕ್‌ಟಾಪಿನ ಎಣಿಕೆ ಒಂದು ಹೆಚ್ಚುತ್ತದೆ, ಲ್ಯಾಪ್‌ಟಾಪಿನಲ್ಲಿ ತಿದ್ದಿದಾಗ ಲ್ಯಾಪ್‌ಟಾಪಿನದು. ಡೆಸ್ಕ್‌ಟಾಪಿನಲ್ಲಿರುವ ಪ್ರತಿಯ ಗುರುತು ‘ಡೆಸ್ಕ್‌ಟಾಪ್ 3, ಲ್ಯಾಪ್‌ಟಾಪ್ 5’ ಎಂದೂ ಲ್ಯಾಪ್‌ಟಾಪಿನಲ್ಲಿರುವುದರ ಗುರುತು ‘ಡೆಸ್ಕ್‌ಟಾಪ್ 3, ಲ್ಯಾಪ್‌ಟಾಪ್ 6’ ಎಂದೂ ಇದ್ದರೆ, ಎರಡನೆಯದು ಮೊದಲನೆಯದನ್ನು ನೋಡಿದ ಮೇಲೆಯೇ ಬರೆದದ್ದು, ಅದೇ ಹೊಸದು. ‘4, 5’ ಮತ್ತು ‘3, 6’ ಎಂದಿದ್ದರೆ ಎರಡೂ ಕಡೆ ಒಬ್ಬರಿಗೊಬ್ಬರು ತಿಳಿಯದೆ ತಿದ್ದಿದ್ದಾರೆ. ಯಾವ ಗಡಿಯಾರವೂ ಹೇಳಲಾರದ ಮಾತಿದು. ಸಿಂಕ್‌ಥಿಂಗ್ ಇಂದು ಬಳಸುವುದು ಈ ಬಗೆಯ ಎಣಿಕೆಯನ್ನೇ.

ಇಬ್ಬರೂ ತಿದ್ದಿದಾಗ

ಹಾಗೆ ಎರಡೂ ಕಡೆ ತಿದ್ದಿದ ಸ್ಥಿತಿಗೆ ‘ಸಂಘರ್ಷ’ ಎನ್ನುತ್ತಾರೆ. ಅಪ್ಪ ಹಾಲಿನ ಬಾಬತ್ತನ್ನೂ ಮಗಳು ಶಾಲೆಯ ಶುಲ್ಕವನ್ನೂ ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಲೆಕ್ಕದ ಕಡತಕ್ಕೆ ಸೇರಿಸಿದರೆ, ಸರಿಯಾದ ಫಲಿತಾಂಶ ಎರಡೂ ಇರುವ ಕಡತ. ಆದರೆ ಸಿಂಕ್ ತಂತ್ರಾಂಶಕ್ಕೆ ಆ ಕಡತದೊಳಗೆ ಹಾಲು, ಶುಲ್ಕ ಎಂಬುದಿದೆ ಎಂದೇ ತಿಳಿಯದು. ಅದು ಕಾಣುವುದು ಬೈಟುಗಳ ಸಾಲನ್ನು ಮಾತ್ರ. ಆದ್ದರಿಂದ ಮರ್ಯಾದಸ್ಥ ತಂತ್ರಾಂಶ ಊಹಿಸಿ ಬೆರೆಸಲು ಹೋಗುವುದಿಲ್ಲ. ಯೂನಿಸನ್ ಅಂತಹ ಕಡತವನ್ನು ಮುಟ್ಟದೆ ಬಿಟ್ಟು ನಮ್ಮ ತೀರ್ಮಾನವನ್ನು ಕೇಳುತ್ತದೆ. ಸಿಂಕ್‌ಥಿಂಗ್ ಎರಡನ್ನೂ ಉಳಿಸಿ, ಹಳೆಯ ಸಮಯದ ಪ್ರತಿಯ ಹೆಸರಿಗೆ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂಬ ಪದವನ್ನೂ ದಿನಾಂಕವನ್ನೂ ಸೇರಿಸುತ್ತದೆ. ಅಂತಹ ಹೆಸರು ಕಂಡಾಗ ಗಾಬರಿಯಿಂದ ಅಳಿಸಬಾರದು. ಎರಡನ್ನೂ ತೆರೆದು, ಒಂದರಲ್ಲಿ ಇಲ್ಲದ ಸಾಲನ್ನು ಇನ್ನೊಂದಕ್ಕೆ ಬರೆದು, ಆಮೇಲೆ ಬೇಡವಾದದ್ದನ್ನು ತೆಗೆಯಬೇಕು.

ಕೆಲವು ಕಡತಗಳನ್ನಂತೂ ಸಿಂಕ್‌ಗೆ ಒಪ್ಪಿಸಲೇಬಾರದು. ಅಂಗಡಿಯ ಲೆಕ್ಕಪತ್ರ ತಂತ್ರಾಂಶದ ದತ್ತಾಂಶ, ಇಮೇಲ್ ತಂತ್ರಾಂಶದ ಸಂಗ್ರಹ, ಬ್ರೌಸರಿನ ಒಳಕಡತಗಳು ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಹಲವು ಕಡತಗಳ ಗುಂಪು. ತಂತ್ರಾಂಶ ತೆರೆದಿರುವಷ್ಟು ಹೊತ್ತೂ ಬದಲಾಗುತ್ತಲೇ ಇರುತ್ತವೆ. ಅರ್ಧ ಬರೆದ ಸ್ಥಿತಿಯಲ್ಲಿ ಒಂದು ಕಡತ ಆಚೆ ಹೋಗಿ, ಅದರ ಜೊತೆಗಾರ ಹೋಗದೆ ಉಳಿದರೆ, ಆ ಕಡೆ ತೆರೆದಾಗ ದತ್ತಾಂಶ ಕೆಟ್ಟಿರುತ್ತದೆ.

ಬದಲಾದದ್ದನ್ನಷ್ಟೇ ಕಳಿಸುವ ಬಗೆ

ಎರಡು ಗಿಗಾಬೈಟಿನ ಕಡತದಲ್ಲಿ ಒಂದು ಸಾಲು ಬದಲಾದರೆ ಇಡೀ ಕಡತವನ್ನು ಮತ್ತೆ ಕಳಿಸಬೇಕೇ? ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್. 1996ರಲ್ಲಿ ಅವರು ಹೊರತಂದ ‘ಆರ್‌ಸಿಂಕ್’ ತಂತ್ರಾಂಶ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ಹಳೆಯ ಕಾಲದ ಲೆಕ್ಕದ ಪುಸ್ತಕವನ್ನು ನೆನಪಿಸಿಕೊಳ್ಳಿ. ಪ್ರತಿ ಪುಟದ ಕೊನೆಗೆ ಆ ಪುಟದ ಮೊತ್ತ ಬರೆದಿರುತ್ತದೆ. ಎರಡು ಊರುಗಳಲ್ಲಿ ಅದೇ ಪುಸ್ತಕದ ಒಂದೊಂದು ಪ್ರತಿ ಇದ್ದು, ಎಲ್ಲಿ ವ್ಯತ್ಯಾಸವಿದೆ ಎಂದು ಫೋನಿನಲ್ಲಿ ಕಂಡುಹಿಡಿಯಬೇಕಾದರೆ ಇಡೀ ಪುಸ್ತಕ ಓದಬೇಕಿಲ್ಲ. ಪುಟಗಳ ಮೊತ್ತವನ್ನಷ್ಟೇ ಓದುತ್ತ ಹೋದರೆ, ತಾಳೆಯಾಗದ ಪುಟ ಸಿಕ್ಕಿಬೀಳುತ್ತದೆ. ಆ ಪುಟವನ್ನು ಮಾತ್ರ ಹೇಳಿದರೆ ಸಾಕು. ಆದರೆ ಒಂದು ಊರಿನವರು ಮೊದಲ ಪುಟದ ಮೇಲ್ಭಾಗದಲ್ಲೇ ಒಂದು ಬಾಬತ್ತು ಹೊಸದಾಗಿ ತೂರಿಸಿದ್ದರೆ? ಎಲ್ಲ ಸಾಲುಗಳೂ ಒಂದೊಂದು ಕೆಳಗೆ ಸರಿದು, ಯಾವ ಪುಟದ ಮೊತ್ತವೂ ಹೊಂದುವುದಿಲ್ಲ.

ಟ್ರಿಜೆಲ್ ಅವರ ಜಾಣ್ಮೆ ಇರುವುದು ಇಲ್ಲಿ. ಪುಟದ ಗಡಿಗೆ ಅಂಟಿಕೊಳ್ಳದೆ, ಒಂದು ಪುಟದಷ್ಟು ಸಾಲುಗಳ ಚೌಕಟ್ಟನ್ನು ಒಂದೊಂದೇ ಸಾಲು ಕೆಳಕ್ಕೆ ಸರಿಸುತ್ತ, ಪ್ರತಿ ಸ್ಥಾನದಲ್ಲೂ ಮೊತ್ತವನ್ನು ಆಚೆಯ ಪಟ್ಟಿಯೊಂದಿಗೆ ಹೋಲಿಸುವುದು. ಪ್ರತಿ ಸಲ ಮೊದಲಿನಿಂದ ಕೂಡಬೇಕಿಲ್ಲ. ಮೇಲಿನಿಂದ ಹೊರಬಿದ್ದ ಮೊಬಲಗನ್ನು ಕಳೆದು, ಕೆಳಗೆ ಹೊಸದಾಗಿ ಒಳಬಂದದ್ದನ್ನು ಕೂಡಿದರೆ ಹೊಸ ಮೊತ್ತ ಸಿದ್ಧ. ಹೀಗೆ ಸರಿದುಹೋದ ಭಾಗಗಳೂ ಗುರುತು ಸಿಗುತ್ತವೆ. ಬೇರೆ ಬೇರೆ ಸಾಲುಗಳ ಮೊತ್ತ ಆಕಸ್ಮಿಕವಾಗಿ ಒಂದೇ ಆಗಬಹುದಲ್ಲ ಎಂಬ ಅನುಮಾನಕ್ಕೂ ಉತ್ತರವಿದೆ: ಸರಳ ಮೊತ್ತ ಹೊಂದಿದ ಕಡೆ ಮಾತ್ರ, ಇನ್ನೂ ಬಿಗಿಯಾದ ಎರಡನೆಯ ಲೆಕ್ಕದಿಂದ ಖಚಿತಪಡಿಸಿಕೊಳ್ಳಲಾಗುತ್ತದೆ.

ಆರ್‌ಸಿಂಕ್ ಒಂದು ದಿಕ್ಕಿನ ಸಾಧನ ಎಂಬುದನ್ನು ಮಾತ್ರ ಮರೆಯಬಾರದು. ಮೇಲೆ ಹೇಳಿದ ಮೂರನೆಯ ಪಟ್ಟಿ ಅದಕ್ಕಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಆಚೆ ಅಳಿಸು ಎಂಬ ಆಯ್ಕೆಯೊಂದಿಗೆ ಅದನ್ನು ದಿಕ್ಕು ತಪ್ಪಿಸಿ ಓಡಿಸಿದರೆ, ಆಚೆ ಬರೆದ ಹೊಸ ಕಡತಗಳೆಲ್ಲ ಹೋಗುತ್ತವೆ.

ದಾರಿ ಯಾವುದು?

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಮಧ್ಯದ ಸರ್ವರ್ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ಹೀಗಾಗಿ ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಚಾಲೂ ಇರಬೇಕಿಲ್ಲ. ಉಚಿತವಾಗಿ ಗೂಗಲ್ 15 ಗಿಗಾಬೈಟ್ ಕೊಡುತ್ತದೆ, ಅದರಲ್ಲೇ ಇಮೇಲ್ ಮತ್ತು ಫೋಟೋಗಳೂ ಸೇರಿರುತ್ತವೆ. ಒನ್‌ಡ್ರೈವ್‌ನಲ್ಲಿ 5 ಗಿಗಾಬೈಟ್. ಪತ್ರ, ಲೆಕ್ಕ, ಪಾಠಗಳಿಗೆ ಇದು ಧಾರಾಳ, ಕುಟುಂಬದ ವೀಡಿಯೊಗಳಿಗೆ ಸಾಲದು. ಸೆಕೆಂಡಿಗೆ 40 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 100 ಗಿಗಾಬೈಟ್ ಮೇಲೇರಲು ಐದೂವರೆ ಗಂಟೆ ಬೇಕು. ಅದೇ ಮನೆಯೊಳಗೆ ಗಿಗಾಬಿಟ್ ಕೇಬಲ್ಲಿನಲ್ಲಿ ಸುಮಾರು ಕಾಲು ಗಂಟೆಯಲ್ಲಿ ಮುಗಿಯಬಹುದು.

ಸಿಂಕ್‌ಥಿಂಗ್ ಈ ಎರಡನೆಯ ದಾರಿ. ಅದರ ಬಳಕೆಗೆ ಶುಲ್ಕವಿಲ್ಲ, ಅದರ ಮೂಲಸಂಕೇತ ಮುಕ್ತವಾಗಿದೆ, ಕಡತಗಳು ಗೂಢಲಿಪಿಯಲ್ಲಿ ನೇರವಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತವೆ. ಪ್ರತಿ ಯಂತ್ರಕ್ಕೂ ಒಂದು ಉದ್ದನೆಯ ಗುರುತು ಇದ್ದು, ಎರಡೂ ಕಡೆಯಿಂದ ಪರಸ್ಪರ ಒಪ್ಪಿಗೆ ಕೊಟ್ಟ ಮೇಲಷ್ಟೇ ಮಾತುಕತೆ ಶುರುವಾಗುತ್ತದೆ. ಎರಡೂ ಯಂತ್ರಗಳು ಸ್ವಲ್ಪ ಹೊತ್ತಾದರೂ ಒಟ್ಟಿಗೆ ಚಾಲೂ ಇರಬೇಕು ಎಂಬುದು ಇದರ ಷರತ್ತು. ಹಗಲು ಒಂದು, ರಾತ್ರಿ ಇನ್ನೊಂದು ಬಳಸುವ ಮನೆಯಲ್ಲಿ ಅವು ಭೇಟಿಯೇ ಆಗದೆ, ಸಂಘರ್ಷಗಳು ಗುಡ್ಡೆ ಬೀಳುತ್ತವೆ.

ಸಿಂಕ್ ಬೇಕೇ ಬೇಕೇ ಎಂದೂ ಕೇಳಿಕೊಳ್ಳಬೇಕು. ಎರಡೂ ಕಂಪ್ಯೂಟರುಗಳು ಸದಾ ಮನೆಯಲ್ಲೇ ಇರುವುದಾದರೆ, ಒಂದರ ಫೋಲ್ಡರನ್ನು ಮನೆಯ ಜಾಲದಲ್ಲಿ ಹಂಚಿಕೊಂಡು ಇನ್ನೊಂದರಿಂದ ತೆರೆಯುವುದೇ ನನ್ನ ದೃಷ್ಟಿಯಲ್ಲಿ ಮೇಲು. ಪ್ರತಿ ಒಂದೇ ಇರುವ ಕಡೆ ಯಾವುದು ಹೊಸದೆಂಬ ಪ್ರಶ್ನೆ ಏಳುವುದೇ ಇಲ್ಲ. ಲ್ಯಾಪ್‌ಟಾಪ್ ಹೊರಗೆ ಹೋಗುವುದಿದ್ದರೆ ಮಾತ್ರ ಸಿಂಕ್ ಅನಿವಾರ್ಯ.

ಕಡತದ ಹೆಸರು ಕನ್ನಡದಲ್ಲಿದ್ದರೆ

ಕನ್ನಡದಲ್ಲಿ ಹೆಸರಿಡುವವರು ಒಂದೆರಡು ಸೂಕ್ಷ್ಮಗಳನ್ನು ಗಮನಿಸಬೇಕು. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋಲಾರ’ ಎಂಬ ಪದವನ್ನು ಎರಡು ರೀತಿ ಬರೆಯಬಹುದು. ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ, ಊಕಾರದ ಕೊಂಬು ಮತ್ತು ದೀರ್ಘದ ಗುರುತು ಎಂಬ ಮೂರು ತುಂಡುಗಳಾಗಿ ಬಿಡಿಸಿ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಆ ಸಂಕೇತಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಬರವಣಿಗೆಯಲ್ಲಿ ಮೊದಲನೆಯದು 15 ಬೈಟ್, ಎರಡನೆಯದು 21 ಬೈಟ್. ಆ್ಯಪಲ್ ಮ್ಯಾಕ್‌ಗಳ ಹಿಂದಿನ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂತಹ ಹಳೆಯ ಮ್ಯಾಕ್‌ನಿಂದ ಲಿನಕ್ಸಿಗೆ ಬಂದರೆ ಒಂದೇ ಫೋಲ್ಡರಿನಲ್ಲಿ ಎರಡು ‘ಕೋಲಾರ’ ಕಾಣಬಹುದು. ಸಿಂಕ್‌ಥಿಂಗ್‌ನಲ್ಲಿ ಇದನ್ನು ಸರಿಪಡಿಸುವ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ.

ಉದ್ದದ ವಿಷಯವೂ ಇದೆ. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ, ಅಲ್ಲಿ 85 ಸಂಕೇತಗಳಿಗಷ್ಟೇ ಜಾಗ. ‘ಕ್ಷ’ ಒಂದೇ ಮೂರು ಸಂಕೇತ ತಿನ್ನುತ್ತದೆ. ವಿಂಡೋಸ್ ಹೆಸರನ್ನು ಬೇರೆ ಬಗೆಯಲ್ಲಿ ಎಣಿಸುವುದರಿಂದ, ಅಲ್ಲಿ ಸಲೀಸಾಗಿ ಇಟ್ಟ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಡೆಸ್ಕ್‌ಟಾಪಿಗೆ ಬರಲಾರದೆ ನಿಲ್ಲಬಹುದು. ಪ್ರಶ್ನಾರ್ಥಕ ಚಿಹ್ನೆ ಇರುವ ಹೆಸರು ಲಿನಕ್ಸಿನಲ್ಲಿ ನಡೆಯುತ್ತದೆ, ವಿಂಡೋಸಿನಲ್ಲಿ ನಡೆಯದು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಗೊಂದಲ ಮಾತ್ರ ನಮ್ಮ ಲಿಪಿಗೆ ಇಲ್ಲ.

ಶುರು ಮಾಡುವ ಮುನ್ನ

ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದನ್ನೂ, ಒತ್ತೆಹಣ ಕೇಳುವ ದುಷ್ಟ ತಂತ್ರಾಂಶ ಕೆಡಿಸಿದ್ದನ್ನೂ ಸಿಂಕ್ ಅಷ್ಟೇ ನಿಷ್ಠೆಯಿಂದ ಆಚೆ ತಲುಪಿಸುತ್ತದೆ. ಹಳೆಯ ಪ್ರತಿಗಳನ್ನು ಉಳಿಸಿಡುವ ಆಯ್ಕೆಯನ್ನು ಸಿಂಕ್‌ಥಿಂಗ್‌ನಲ್ಲಿ ಚಾಲೂ ಮಾಡಬಹುದಾದರೂ, ಅದು ಉಳಿಸುವುದು ಇನ್ನೊಂದು ಯಂತ್ರದಿಂದ ಬಂದ ಬದಲಾವಣೆಗೆ ಮುಂಚಿನ ಪ್ರತಿಯನ್ನು ಮಾತ್ರ. ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೋಟೋದ ಹಳೆಯ ಪ್ರತಿ ಡೆಸ್ಕ್‌ಟಾಪಿನಲ್ಲಿ ಸಿಗುತ್ತದೆಯೇ ಹೊರತು ಲ್ಯಾಪ್‌ಟಾಪಿನಲ್ಲಲ್ಲ. ಹಾಗಾಗಿ ಆ ಆಯ್ಕೆ ಎರಡೂ ಕಡೆ ಚಾಲೂ ಇರಬೇಕು, ಅದರ ಮೇಲೆ ಬಳಸದಾಗ ಬಿಚ್ಚಿಡುವ ಹೊರಗಿನ ಡಿಸ್ಕಿನಲ್ಲಿ ಪ್ರತ್ಯೇಕ ಪ್ರತಿಯೂ ಇರಬೇಕು.

ಮೊದಲ ವಾರ ಅಮೂಲ್ಯವಾದ ಯಾವುದನ್ನೂ ಜೋಡಿಸದೆ, ‘ಪರೀಕ್ಷೆ’ ಎಂಬ ಫೋಲ್ಡರಿನಲ್ಲಿ ನಾಲ್ಕಾರು ಕಡತಗಳನ್ನಿಟ್ಟು ನೋಡಬೇಕು. ಎರಡೂ ಗಡಿಯಾರಗಳನ್ನು ಸರಿಪಡಿಸಿಕೊಂಡು, ಒಂದು ಕಡೆ ಒಂದು ಕಡತ ಅಳಿಸಿ, ಆಚೆಯದು ಹೋಯಿತೇ, ಅದರ ಹಳೆಯ ಪ್ರತಿ ಎಲ್ಲಿ ಸಿಕ್ಕಿತು ಎಂದು ಹುಡುಕಿ ಹೊರತೆಗೆಯಬೇಕು. ಆಮೇಲೆ ವೈಫೈ ಆರಿಸಿ, ಒಂದೇ ಕಡತವನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿ, ಮತ್ತೆ ಜೋಡಿಸಿ, ಸಂಘರ್ಷದ ಪ್ರತಿ ಯಾವ ಹೆಸರಿನಲ್ಲಿ ಬಂತೆಂದು ಮನೆಯವರೆಲ್ಲರಿಗೂ ತೋರಿಸಬೇಕು. ಇಷ್ಟಾದ ಮೇಲೆ, ಲೆಕ್ಕದ ಫೋಲ್ಡರನ್ನು ಮೊದಲು, ಫೋಟೋಗಳ ಫೋಲ್ಡರನ್ನು ಕೊನೆಗೆ ಸೇರಿಸಬಹುದು.